ರಾಯಚೂರು ಸೀಮೆಯಲ್ಲಿ ವಂಶೇತಿಹಾಸ ಶೋಧನೆ

ವಂಶೇತಿಹಾಸ ಶೋಧನೆ ಎಂದರೆ ಒಂದು ಮನೆತನದ ಹಿಂದಿನ ತಲೆಮಾರುಗಳ ಹೆಸರು, ನೆಲೆ, ವೃತ್ತಿ, ಸಂಬಂಧ ಮತ್ತು ಬದುಕಿನ ಮುಖ್ಯ ಘಟನೆಗಳನ್ನು ಬಾಯಿಮಾತು ಹಾಗೂ ಬರಹದ ಆಧಾರಗಳಿಂದ ಗೊತ್ತುಪಡಿಸುವ ಕೆಲಸ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇರುವ ರಾಯಚೂರು, ಮಾನ್ವಿ, ದೇವದುರ್ಗ, ಸಿಂಧನೂರು, ಲಿಂಗಸುಗೂರು ಭಾಗವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಆಧುನಿಕ ಚರಿತ್ರೆಯಲ್ಲಿ ಇದಕ್ಕೆ ರಾಯಚೂರು ದೋಆಬ್ ಎಂಬ ಹೆಸರು ರೂಢಿಯಾಗಿದೆ. 19ನೆಯ ಶತಮಾನದಲ್ಲಿ ಇಲ್ಲಿ ಬಾಳಿದ ಒಬ್ಬ ಸಾಮಾನ್ಯ ರೈತ, ಕುಶಲಕರ್ಮಿ ಅಥವಾ ಕೂಲಿಕಾರನ ಬದುಕನ್ನು ಪೂರ್ತಿಯಾಗಿ ತಿಳಿಸುವ ಒಂದೇ ದಾಖಲೆ ಇಲ್ಲ. ಅವನ ಕುರುಹುಗಳು ಹಲವು ಆಡಳಿತಗಳ, ಹಲವು ಭಾಷೆಗಳ ಕಾಗದಗಳಲ್ಲಿಯೂ ಮನೆಯ ಹಿರಿಯರ ಹಾಗೂ ಹೆಳವರ ನೆನಪಿನಲ್ಲಿಯೂ ಹಂಚಿಹೋಗಿವೆ. ಇವುಗಳಲ್ಲಿ ಒಂದನ್ನು ಮತ್ತೊಂದರಿಂದ ಪರೀಕ್ಷಿಸಿ ನೋಡುವುದೇ ಈ ಶೋಧನೆಯ ಮುಖ್ಯ ವಿಧಾನ.

ವಂಶಾವಳಿ ಮತ್ತು ವಂಶೇತಿಹಾಸ

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಅವುಗಳಲ್ಲಿ ವ್ಯತ್ಯಾಸವಿದೆ. ಯಾರ ಮಗ ಯಾರು ಎಂಬ ಹೆಸರುಗಳ ಸರಣಿ ವಂಶಾವಳಿ. ಅದನ್ನು ರೇಖಾಚಿತ್ರವಾಗಿ ಬರೆದರೆ ವಂಶವೃಕ್ಷ. ಆ ಹೆಸರಿನ ವ್ಯಕ್ತಿ ಯಾವ ಊರಿನಲ್ಲಿದ್ದನು, ಯಾವ ಹೊಲ ಉತ್ತನು, ಯಾವ ಬರದಲ್ಲಿ ಊರು ಬಿಟ್ಟನು, ಯಾರ ಮನೆಯ ಹೆಣ್ಣನ್ನು ತಂದನು, ಅವನ ತಮ್ಮಂದಿರು ಎಲ್ಲಿಗೆ ಹೋದರು ಎಂಬ ವಿವರಗಳು ಸೇರಿದಾಗ ಅದು ವಂಶೇತಿಹಾಸವಾಗುತ್ತದೆ. ಮೊದಲನೆಯದಕ್ಕೆ ನೆನಪು ಸಾಕಾಗಬಹುದು. ಎರಡನೆಯದಕ್ಕೆ ಆಯಾ ಕಾಲದ ಆಡಳಿತ, ಕೃಷಿ ಮತ್ತು ಸಮಾಜದ ಪರಿಚಯ ಅಗತ್ಯ.

ಆಡಳಿತದ ಹಿನ್ನೆಲೆ

ಪೂರ್ವಿಕರ ಕಾಗದಪತ್ರಗಳನ್ನು ಹುಡುಕುವ ಮುನ್ನ ಯಾವ ವರ್ಷದಲ್ಲಿ ಆ ಊರು ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ತಿಳಿಯಬೇಕು. ದಾಖಲೆ ಯಾವ ಭಾಷೆಯಲ್ಲಿದೆ, ಈಗ ಎಲ್ಲಿದೆ ಎಂಬುದು ಇದನ್ನೇ ಅವಲಂಬಿಸಿದೆ.

19ನೆಯ ಶತಮಾನದ ಆರಂಭದಲ್ಲಿ ರಾಯಚೂರು ದೋಆಬ್ ಹೈದರಾಬಾದಿನ ನಿಜಾಮರ ಅಧೀನದಲ್ಲಿತ್ತು. ತುಂಗಭದ್ರೆಯ ಆಚೆ ದಡದ ಬಳ್ಳಾರಿ, ಆದವಾನಿ ಪ್ರದೇಶಗಳನ್ನು ನಿಜಾಮರು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ನದಿಯ ಒಂದು ದಡ ನಿಜಾಮರದು, ಇನ್ನೊಂದು ದಡ ಮದರಾಸು ಆಧಿಪತ್ಯದ್ದು. ಆದರೆ ಹೆಣ್ಣು ಕೊಡುವುದು, ತರುವುದು ನದಿಯನ್ನು ದಾಟಿ ನಡೆದೇ ಇತ್ತು. ಆದ್ದರಿಂದ ಒಂದೇ ಕುಟುಂಬದ ಗಂಡನ ಮನೆಯ ದಾಖಲೆ ಹೈದರಾಬಾದಿನ ಕಡತಗಳಲ್ಲಿಯೂ ಹೆಂಡತಿಯ ತವರುಮನೆಯ ದಾಖಲೆ ಮದರಾಸು ಕಂದಾಯ ಕಡತಗಳಲ್ಲಿಯೂ ಇರುವುದು ಸಾಧ್ಯ.

1853ರ ಒಪ್ಪಂದದಂತೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ವೆಚ್ಚಕ್ಕಾಗಿ ಬೇರಾರ್ ಮತ್ತು ಧಾರಾಶಿವ ಪ್ರದೇಶಗಳೊಡನೆ ರಾಯಚೂರು ದೋಆಬ್ ಕೂಡ ಬ್ರಿಟಿಷರ ಆಡಳಿತಕ್ಕೆ ಹೋಯಿತು. 1860ರಲ್ಲಿ ಅದು ನಿಜಾಮರಿಗೆ ಮರಳಿ ಬಂದಿತು. ಈ ಏಳು ವರ್ಷಗಳ ಪತ್ರವ್ಯವಹಾರ ಇಂಗ್ಲಿಷಿನಲ್ಲಿದ್ದು, ಹೈದರಾಬಾದ್ ರೆಸಿಡೆನ್ಸಿಯ ಕಡತಗಳು ಹೊಸದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನೆರೆಯ ಸುರಪುರ ಸಂಸ್ಥಾನದ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾಗಿ ಮಡಿದನು. ಆ ಸಂಸ್ಥಾನವೂ 1860ರಲ್ಲಿ ನಿಜಾಮರ ರಾಜ್ಯಕ್ಕೆ ಸೇರಿತು.

ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ ಅವರು 1860ರ ದಶಕದಲ್ಲಿ ಜಿಲ್ಲೆಗಳ ವ್ಯವಸ್ಥೆಯನ್ನು ರೂಪಿಸಿದರು. 1870ರ ದಶಕದಿಂದ ಹೈದರಾಬಾದ್ ರಾಜ್ಯದಲ್ಲಿ ಮುಂಬಯಿ ಆಧಿಪತ್ಯದ ಮಾದರಿಯ ಭೂಮಾಪನ ಆರಂಭವಾಯಿತು. ಆಡಳಿತ ಭಾಷೆಯಾಗಿದ್ದ ಪಾರಸಿಯ ಸ್ಥಾನವನ್ನು 1884ರಲ್ಲಿ ಉರ್ದು ಪಡೆಯಿತು. ಆ ಕಾಲದಲ್ಲಿ ಲಿಂಗಸುಗೂರು ಒಂದು ಪ್ರತ್ಯೇಕ ಜಿಲ್ಲೆಯಾಗಿತ್ತು. 1905ರಲ್ಲಿ ಅದು ರದ್ದಾಗಿ ಲಿಂಗಸುಗೂರು, ಸಿಂಧನೂರು ಮುಂತಾದ ತಾಲೂಕುಗಳು ರಾಯಚೂರಿಗೂ ಸುರಪುರ, ಶಹಾಪುರಗಳು ಗುಲಬರ್ಗಾ ಜಿಲ್ಲೆಗೂ ಸೇರಿದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಆಲಂಪುರ ಮತ್ತು ಗದ್ವಾಲ ತಾಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಹೋದವು. ಅವು ಈಗ ತೆಲಂಗಾಣದಲ್ಲಿವೆ.

ಇತರ ದೇಶಗಳೊಡನೆ ಹೋಲಿಕೆ

ಪೂರ್ವಿಕರ ಶೋಧನೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಹು ಪ್ರಚಲಿತ ಹವ್ಯಾಸ. ಒಹಾಯೊ, ಅಯೋವ, ಇಲಿನಾಯ್ ಮೊದಲಾದ ಮಧ್ಯಪಶ್ಚಿಮ ರಾಜ್ಯಗಳಲ್ಲಿ 19ನೆಯ ಶತಮಾನದ ಒಬ್ಬ ರೈತನನ್ನು ಹುಡುಕುವವರಿಗೆ ಜನಗಣತಿಯೇ ಮೊದಲ ಆಧಾರ. ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆಯುತ್ತಿದ್ದು, 1850ರಿಂದ ಮನೆಯ ಯಜಮಾನನ ಹೆಸರಷ್ಟೇ ಅಲ್ಲದೆ ಗುಲಾಮರನ್ನು ಬಿಟ್ಟು ಉಳಿದ ಪ್ರತಿಯೊಬ್ಬರ ಹೆಸರೂ ದಾಖಲಾಯಿತು. ಗುಲಾಮರಾಗಿದ್ದವರ ಹೆಸರುಗಳು 1870ರ ಗಣತಿಯಿಂದ ಸಿಗುತ್ತವೆ. 72 ವರ್ಷ ಕಳೆದ ಗಣತಿಯ ಹಾಳೆಗಳನ್ನು ಅಲ್ಲಿ ಸಾರ್ವಜನಿಕರಿಗೆ ತೆರೆಯುತ್ತಾರೆ. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ ಜಮೀನು ಪಡೆದವರ ಕಡತಗಳು, ಚರ್ಚಿನ ದೀಕ್ಷಾಸ್ನಾನ ಮತ್ತು ವಿವಾಹದ ಪುಸ್ತಕಗಳು ಇದಕ್ಕೆ ಪೂರಕ.

ಹೈದರಾಬಾದ್ ರಾಜ್ಯದಲ್ಲಿ ಮೊದಲ ಜನಗಣತಿ 1881ರಲ್ಲಿ ನಡೆಯಿತು. ಆದರೆ ಭಾರತದಲ್ಲಿ ಗಣತಿಯ ಒಟ್ಟು ಅಂಕಿ ಅಂಶಗಳು ಮಾತ್ರ ಪ್ರಕಟವಾಗುತ್ತವೆ. 1948ರ ಜನಗಣತಿ ಕಾಯಿದೆಯಂತೆ ವ್ಯಕ್ತಿಯ ವಿವರಗಳು ಗೋಪ್ಯ. ಆದ್ದರಿಂದ ಅಮೆರಿಕದ ಶೋಧಕನು ಗಣತಿಯಿಂದ ಆರಂಭಿಸುವಂತೆ ರಾಯಚೂರಿನ ಶೋಧಕನು ಆರಂಭಿಸಲಾರನು. ಇಲ್ಲಿ ಆ ಸ್ಥಾನವನ್ನು ಭೂಮಿಯ ಕಾಗದ ಮತ್ತು ಹೆಳವರ ಪುಸ್ತಕ ತುಂಬುತ್ತವೆ.

ಬಾಯಿಮಾತಿನ ಆಧಾರಗಳು

ಮನೆಯ ಹಿರಿಯರು

ಶೋಧನೆ ಮನೆಯಿಂದಲೇ ಆರಂಭವಾಗಬೇಕು. ಎಂಬತ್ತು ವರ್ಷದ ಹಿರಿಯರು ತಮ್ಮ ಬಾಲ್ಯದಲ್ಲಿ ಕಂಡ ಅಜ್ಜ, ಅಜ್ಜಿಯರು 19ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದವರಾಗಿರಬಹುದು. ಆ ಅಜ್ಜಿ ಹೇಳಿದ ಅವಳ ಅಜ್ಜನ ಮಾತು ಶತಮಾನದ ನಡುವಿಗೆ ತಲುಪುತ್ತದೆ. ಹಿರಿಯರನ್ನು ಇಸವಿ ಕೇಳುವುದಕ್ಕಿಂತ ಘಟನೆಯನ್ನು ಕೇಳುವುದು ಫಲಕಾರಿ. ಬರ, ಪ್ಲೇಗು, 1918ರ ಇನ್‌ಫ್ಲುಯೆಂಜಾ, ರಜಾಕಾರರ ಹಾವಳಿ ಮುಂತಾದವುಗಳ ಹಿಂದೆ ಮುಂದೆ ಎಂದು ಹೇಳಿದರೆ ವಯಸ್ಸನ್ನು ಊಹಿಸಬಹುದು. ಮನೆದೇವರು ಯಾವುದು, ಜಾತ್ರೆಗೆ ಯಾವ ಊರಿಗೆ ಹೋಗುವುದು, ದೀಪಾವಳಿ ಅಥವಾ ಮಹಾನವಮಿಯಲ್ಲಿ ಯಾರ ಹೆಸರಿನಲ್ಲಿ ಎಡೆ ಇಡುವುದು ಎಂಬ ಪ್ರಶ್ನೆಗಳೂ ಉಪಯುಕ್ತ. ಈಗಿರುವ ಊರಿನಲ್ಲಿ ಇಲ್ಲದ ದೇವರು ಮನೆದೇವರಾಗಿದ್ದರೆ, ಮನೆತನ ಆ ದೇವರ ಸೀಮೆಯಿಂದ ವಲಸೆ ಬಂದಿರಬಹುದೆಂಬುದಕ್ಕೆ ಅದು ಸುಳಿವಾಗುತ್ತದೆ.

ಹೆಳವರು

ಹೆಳವರು ಉತ್ತರ ಕರ್ನಾಟಕದಲ್ಲಿ ವಂಶಾವಳಿಯನ್ನು ಹೇಳುವುದನ್ನೇ ಕುಲವೃತ್ತಿಯಾಗಿಸಿಕೊಂಡ ಅಲೆಮಾರಿ ಸಮುದಾಯ. ತೆಲುಗು ಸೀಮೆಯಲ್ಲಿ ಇವರಿಗೆ ಸಮಾನರಾದವರನ್ನು ಪಿಚ್ಚಗುಂಟ್ಲವರು ಎನ್ನುತ್ತಾರೆ. ಹೆಳವ ಎಂಬ ಪದಕ್ಕೆ ಕಾಲಿಲ್ಲದವನು, ಕುಂಟ ಎಂಬ ಅರ್ಥವಿದ್ದು, ಕುಂಟನಾಗಿದ್ದ ತಮ್ಮ ಮೂಲಪುರುಷನಿಗೆ ಎತ್ತನ್ನು ಕೊಟ್ಟು ಈ ವೃತ್ತಿಗೆ ಹಚ್ಚಲಾಯಿತೆಂಬ ಕಥೆ ಅವರಲ್ಲಿದೆ. ಅಲಂಕರಿಸಿದ ಎತ್ತಿನ ಮೇಲೆ ಅಥವಾ ಬಂಡಿಯಲ್ಲಿ ಗಂಟೆ ಬಾರಿಸುತ್ತ ಊರಿಂದ ಊರಿಗೆ ಬರುವುದು ಅವರ ರೂಢಿ.

ಪ್ರತಿಯೊಂದು ಹೆಳವ ಕುಟುಂಬಕ್ಕೂ ಗೊತ್ತಾದ ಒಕ್ಕಲುಮನೆಗಳು ಇರುತ್ತವೆ. ಸುಗ್ಗಿ ಮುಗಿದ ಮೇಲೆ ಅವರು ಆ ಮನೆಗಳಿಗೆ ಬಂದು ಮೂಲ ಊರು, ಬೆಡಗು, ಮನೆದೇವರು, ವಲಸೆಯ ದಾರಿ ಹಾಗೂ ತಲೆಮಾರುಗಳ ಹೆಸರುಗಳನ್ನು ರಾಗವಾಗಿ ಹೇಳುತ್ತಾರೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಪ್ರತಿಯಾಗಿ ಕಾಳು, ಬಟ್ಟೆ, ಹಣ, ಕೆಲವೊಮ್ಮೆ ದನ ಕುರಿಗಳನ್ನು ಪಡೆಯುತ್ತಾರೆ. ಒಂದು ಊರಿನಿಂದ ಚದುರಿಹೋದ ಅಣ್ಣತಮ್ಮಂದಿರ ಮನೆಗಳಿಗೆ ಒಂದೇ ಹೆಳವ ಕುಟುಂಬ ಹೋಗುತ್ತಿದ್ದರೆ, ಆ ಶಾಖೆಗಳೆಲ್ಲ ಒಂದೇ ಪುಸ್ತಕದಲ್ಲಿ ಸಿಗುತ್ತವೆ. ಸರಕಾರಿ ದಾಖಲೆಯಲ್ಲಿ ಈ ಅನುಕೂಲ ಇಲ್ಲ.

ಹೆಳವರ ಹೇಳಿಕೆಯಲ್ಲಿ ಎರಡು ಭಾಗಗಳನ್ನು ಬೇರ್ಪಡಿಸಬೇಕು. ಮೇಲಿನ ಭಾಗದಲ್ಲಿ ಮನೆತನವನ್ನು ದೇವತೆ, ಶರಣ ಅಥವಾ ರಾಜನಿಗೆ ಜೋಡಿಸುವ ಕಥೆ ಇರುತ್ತದೆ. ಕೆಳಗಿನ ಐದಾರು ತಲೆಮಾರುಗಳ ಭಾಗ ನೇರ ಭೇಟಿಯ ವೇಳೆ ಬರೆದದ್ದಾಗಿರುವುದರಿಂದ ಹೆಚ್ಚು ನಂಬಲರ್ಹ. 19ನೆಯ ಶತಮಾನದ ಪೂರ್ವಿಕರು ಸಾಮಾನ್ಯವಾಗಿ ಈ ಎರಡನೆಯ ಭಾಗದಲ್ಲಿ ಬರುತ್ತಾರೆ.

ಹೆಸರಿನ ಸಮಸ್ಯೆಗಳು

ಈ ಸೀಮೆಯಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಬಲವಾಗಿದೆ. ಇದರಿಂದ ಶರಣಪ್ಪನ ಮಗ ಬಸಪ್ಪ, ಬಸಪ್ಪನ ಮಗ ಶರಣಪ್ಪ, ಮತ್ತೆ ಅವನ ಮಗ ಬಸಪ್ಪ ಎಂದು ಎರಡೇ ಹೆಸರುಗಳು ನೂರು ವರ್ಷ ಸುತ್ತುತ್ತವೆ. ಇಂಥಲ್ಲಿ ಒಂದು ತಲೆಮಾರನ್ನು ಬಿಟ್ಟುಬಿಡುವ ಅಥವಾ ಇಬ್ಬರನ್ನು ಒಬ್ಬರೆಂದು ಎಣಿಸುವ ಅಪಾಯ ಹೆಚ್ಚು. ಹೆಂಡತಿಯ ಹೆಸರು, ಹೊಲದ ಸರ್ವೆ ನಂಬರು, ಅಣ್ಣತಮ್ಮಂದಿರ ಹೆಸರು ಇವುಗಳಲ್ಲಿ ಒಂದನ್ನಾದರೂ ಜೊತೆಗಿಟ್ಟು ನೋಡಿದರೆ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಬಹುದು.

ಊರಿನ ಹೆಸರೇ ಅಡ್ಡಹೆಸರಾಗುವುದು ಇನ್ನೊಂದು ಪದ್ಧತಿ. ಒಂದು ಊರನ್ನು ಬಿಟ್ಟು ಬೇರೆ ಊರಿನಲ್ಲಿ ನೆಲೆಸಿದವರನ್ನು ಬಿಟ್ಟುಬಂದ ಊರಿನ ಹೆಸರಿನಿಂದ ಗುರುತಿಸುತ್ತಾರೆ. ಮಾನ್ವಿ ಎಂಬ ಅಡ್ಡಹೆಸರಿನ ಮನೆ ಮಾನ್ವಿಯಲ್ಲಿರುವುದಕ್ಕಿಂತ ಬೇರೆ ಕಡೆ ಇರುವುದೇ ಸಹಜ. ಆದರೆ ಅಡ್ಡಹೆಸರು ಸೂಚಿಸುವ ಊರು ಯಾವುದೆಂದು ನಿರ್ಧರಿಸುವಲ್ಲಿ ಎಚ್ಚರ ಬೇಕು. ರಾಯಚೂರು ಜಿಲ್ಲೆಯಲ್ಲಿ ಕುರ್ಡಿ ಎಂಬ ಊರಿದೆ. ಗೋವೆಯಲ್ಲಿಯೂ ಕುರ್ಡಿ ಎಂಬ ಊರಿದ್ದು ಅದು ಸಾಲಾವಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಪ್ರಸಿದ್ಧ ಹಿಂದೂಸ್ತಾನಿ ಗಾಯಕಿ ಮೋಗೂಬಾಯಿ ಕುರ್ಡೀಕರ್ (1904–2001) ಅವರ ಹೆಸರಿನಲ್ಲಿರುವುದು ಗೋವೆಯ ಕುರ್ಡಿ. ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ಸಂಬಂಧ ಕಟ್ಟುವುದು ಎಷ್ಟು ದುರ್ಬಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಗೌಡ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ ಮುಂತಾದ ಅಡ್ಡಹೆಸರುಗಳು ವತನು ಅಥವಾ ಊರ ಚಾಕರಿಯನ್ನು ಸೂಚಿಸುತ್ತವೆ. ಇಂಥ ಮನೆತನಗಳಿಗೆ ಇನಾಮಿನ ಕಡತಗಳು ಇರುವ ಸಂಭವ ಹೆಚ್ಚು.

ಕಾಲಗಣನೆ

ಹಳೆಯ ಕಾಗದಗಳಲ್ಲಿ ಇಂಗ್ಲಿಷ್ ಇಸವಿ ವಿರಳ. ಮುಖ್ಯವಾಗಿ ನಾಲ್ಕು ಬಗೆಯ ಎಣಿಕೆಗಳು ಕಾಣುತ್ತವೆ.

• ಫಸಲಿ: ಕಂದಾಯದ ವರ್ಷ. ಇದಕ್ಕೆ 590 ಕೂಡಿಸಿದರೆ ಆರಂಭದ ಇಸವಿ ಬರುತ್ತದೆ. ಹೈದರಾಬಾದಿನ ಕಡತಗಳಲ್ಲಿ ಆಜುರ್, ದೈ, ಬಹಮನ್ ಮೊದಲಾದ ಪಾರಸಿ ತಿಂಗಳುಗಳ ಹೆಸರುಗಳು ಇದರೊಡನೆ ಬರುತ್ತವೆ.
• ಹಿಜರಿ: ಚಾಂದ್ರಮಾನದ ಇಸ್ಲಾಮೀ ವರ್ಷ. ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಒಂದೇ ಸಂಖ್ಯೆಯನ್ನು ಕೂಡಿಸಿ ಇಸವಿ ಪಡೆಯಲಾಗದು. ಹೋಲಿಕೆಯ ಪಟ್ಟಿಯನ್ನು ನೋಡಬೇಕು.
• ಶಾಲಿವಾಹನ ಶಕ: ಇದಕ್ಕೆ 78 ಕೂಡಿಸಬೇಕು. ಪುಷ್ಯ, ಮಾಘ, ಫಾಲ್ಗುಣ ಮಾಸಗಳ ತಿಥಿಯಾಗಿದ್ದರೆ ಸಾಮಾನ್ಯವಾಗಿ 79 ಕೂಡಿಸಬೇಕಾಗುತ್ತದೆ.
• ಸಂವತ್ಸರ: ಪ್ರಭವದಿಂದ ಅಕ್ಷಯದವರೆಗೆ 60 ಹೆಸರುಗಳ ಚಕ್ರ. ಬರಿಯ ಸಂವತ್ಸರದ ಹೆಸರು ಇದ್ದರೆ 60 ವರ್ಷಗಳ ತಪ್ಪಾಗುವ ಸಾಧ್ಯತೆ ಇದೆ.

ಉದಾಹರಣೆಗೆ 1876ರಿಂದ 1878ರವರೆಗಿನ ಮಹಾಕ್ಷಾಮದ ಮೊದಲ ವರ್ಷ ಫಸಲಿ 1286, ಹಿಜರಿ 1293, ಶಕ 1798, ಧಾತು ಸಂವತ್ಸರ. ಆದ್ದರಿಂದಲೇ ಜನ ಅದನ್ನು ಧಾತು ವರ್ಷದ ಬರವೆಂದು ನೆನೆಯುತ್ತಾರೆ. ಮುಂದಿನ ಧಾತು ಸಂವತ್ಸರ 1936ರಲ್ಲಿ ಬಂದಿತು. ಧಾತು ವರ್ಷದಲ್ಲಿ ತೀರಿಕೊಂಡನೆಂಬ ಹೇಳಿಕೆ ಅಜ್ಜನಿಗೆ ಸಂಬಂಧಿಸಿದ್ದೋ ಅವನ ಅಜ್ಜನಿಗೆ ಸಂಬಂಧಿಸಿದ್ದೋ ಎಂಬುದನ್ನು ಬೇರೆ ಆಧಾರದಿಂದ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಈ ಕ್ಷಾಮ ರಾಯಚೂರು, ಬಳ್ಳಾರಿ ಸೀಮೆಗಳ ವಂಶಾವಳಿಗಳಲ್ಲಿ ಒಂದು ದೊಡ್ಡ ಗಡಿ. ಅನೇಕ ಮನೆಗಳು ಅಳಿದವು, ಅನೇಕರು ಊರು ಬಿಟ್ಟರು. ಒಂದು ಮನೆತನದ ನೆನಪು ಇದ್ದಕ್ಕಿದ್ದಂತೆ 1880ರ ಸುಮಾರಿಗೆ ನಿಂತುಹೋದರೆ, ಪೂರ್ವಿಕರು ಬರಗಾಲದಲ್ಲಿ ಬೇರೆಡೆಯಿಂದ ಬಂದವರೇ ಎಂಬುದನ್ನು ಮೊದಲು ವಿಚಾರಿಸಬೇಕು. ಅದಕ್ಕೆ ಐದು ವರ್ಷ ಮೊದಲು, 1871ರಲ್ಲಿ, ಮುಂಬಯಿ ಮತ್ತು ಮದರಾಸುಗಳಿಂದ ಬಂದ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ್ದವು. ಊರು ಬಿಟ್ಟವರು ಹಿಂದಿಗಿಂತ ಬಹು ದೂರ ಹೋಗುವುದು ಇದರಿಂದ ಸಾಧ್ಯವಾಗಿತ್ತು.

ಬರಹದ ಆಧಾರಗಳು

ಭೂಮಿಯ ದಾಖಲೆಗಳು

ಈಗಿನ ಪಹಣಿಯಿಂದ ಹಿಂದಕ್ಕೆ ಹೋಗುವುದು ಸುಲಭವಾದ ಕ್ರಮ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕೀಕೃತವಾಗಿವೆ. ಅದಕ್ಕೂ ಹಿಂದಿನ ಕೈಬರಹದ ಪಹಣಿ ಹಾಗೂ ಮ್ಯುಟೇಶನ್ ಪುಸ್ತಕಗಳಿಗೆ ತಹಸೀಲ್ದಾರ್ ಕಚೇರಿಯ ಅಭಿಲೇಖಾಲಯದಲ್ಲಿ ಅರ್ಜಿ ಸಲ್ಲಿಸಬೇಕು. ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಜಿಲ್ಲೆಗಳಲ್ಲಿ 1954–55ರ ಖಾಸ್ರಾ ಪಹಣಿ ಬಹು ಮುಖ್ಯ ದಾಖಲೆ. ಹೊಲದ ಪಟ್ಟಾದಾರ ಯಾರು, ವಾಸ್ತವವಾಗಿ ಸಾಗುವಳಿ ಮಾಡುವವರು ಯಾರು ಎಂಬುದು ಅದರಲ್ಲಿ ಇರುತ್ತದೆ. ಭೂಮಾಪನದ ವೇಳೆ ತಯಾರಾದ ಸೇತ್ವಾರ್ ಇದಕ್ಕಿಂತ ಹಳೆಯದು.

ಹೊಲದ ದಾಖಲೆಯಲ್ಲಿ ವಾರಸಾ ಬದಲಾವಣೆ ಆದ ವರ್ಷ ವ್ಯಕ್ತಿ ತೀರಿಕೊಂಡ ವರ್ಷವೆಂದು ತಿಳಿಯಬಾರದು. ತಂದೆ ತೀರಿ ಇಪ್ಪತ್ತು ವರ್ಷ ಕಳೆದ ಮೇಲೆ, ಸಾಲಕ್ಕಾಗಿಯೋ ಪಾಲಿಗಾಗಿಯೋ ಅವಶ್ಯಕತೆ ಬಿದ್ದಾಗ ಪೌತಿ ಖಾತೆ ಮಾಡಿಸಿದ ಮನೆಗಳು ಅನೇಕ. ಆ ವೇಳೆಗೆ ಅವನು ಬದುಕಿರಲಿಲ್ಲ ಎಂದಷ್ಟೇ ಹೇಳಬಹುದು.

ಇನಾಮು ಮತ್ತು ವತನುಗಳ ಕಡತಗಳು

ಇನಾಮಿನ ಹಕ್ಕನ್ನು ವಿಚಾರಣೆ ಮಾಡಿ ಸ್ಥಿರಪಡಿಸಿದ ಆದೇಶಕ್ಕೆ ಹೈದರಾಬಾದಿನ ಆಡಳಿತದಲ್ಲಿ ಮುಂತಖಬ್ ಎಂದು ಹೆಸರು. ಹಕ್ಕುದಾರರು ತಮ್ಮ ಸಂಬಂಧವನ್ನು ರುಜುವಾತುಪಡಿಸಲು ವಂಶವೃಕ್ಷವನ್ನು ಸಲ್ಲಿಸಬೇಕಾಗುತ್ತಿದ್ದುದರಿಂದ ಇಂಥ ಕಡತಗಳಲ್ಲಿ ಹಲವು ತಲೆಮಾರುಗಳ ವಿವರ ಒಟ್ಟಿಗೆ ದೊರೆಯುತ್ತದೆ. ಗೌಡ ಕುಲಕರ್ಣಿಗಳಷ್ಟೇ ಅಲ್ಲದೆ ದೇವಸ್ಥಾನದ ಪೂಜಾರಿ, ದರ್ಗಾದ ಮುಜಾವರ, ತಳವಾರ, ನೀರಗಂಟಿ ಮೊದಲಾದವರಿಗೂ ಚಾಕರಿ ಇನಾಮು ಇರುತ್ತಿತ್ತು. ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಆಡಳಿತದ ಕಡತಗಳೊಡನೆ ಮೊಗಲರ ಕಾಲದ ಕಾಗದಗಳೂ ಇವೆ.

ಧಾರ್ಮಿಕ ಸಂಸ್ಥೆಗಳ ದಾಖಲೆಗಳು

ಮಠಗಳಲ್ಲಿ ಭಕ್ತರ ಮನೆಗಳ ಪಟ್ಟಿ, ಕಾಣಿಕೆಯ ಲೆಕ್ಕ ಇರುವುದುಂಟು. ಮುಸ್ಲಿಂ ಮನೆತನಗಳಿಗೆ ಖಾಜಿಗಳ ಬಳಿಯ ನಿಕಾಹ್ ಪುಸ್ತಕ ಹಾಗೂ ಸೂಫಿ ಮನೆತನಗಳ ಶಜರಾ, ಅಂದರೆ ಗುರುಪರಂಪರೆ ಮತ್ತು ವಂಶದ ಪಟ್ಟಿ, ಸಹಾಯಕ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನ, ವಿವಾಹ ಮತ್ತು ಸಮಾಧಿಯ ಪುಸ್ತಕಗಳಿವೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯ ದಕ್ಷಿಣ ಭಾರತದ ಒಳನಾಡಿನ ಹಳೆಯ ಕ್ರೈಸ್ತ ನೆಲೆಗಳಲ್ಲಿ ಒಂದು. ಕಾಶಿ, ಗಯಾ, ತ್ರ್ಯಂಬಕೇಶ್ವರಗಳಿಗೆ ಯಾತ್ರೆ ಹೋದವರಿದ್ದರೆ ಅಲ್ಲಿನ ಕ್ಷೇತ್ರಪುರೋಹಿತರ ವಹಿಗಳಲ್ಲಿ ಯಾತ್ರಿಕನ ಊರು ಮತ್ತು ಪಿತೃಗಳ ಹೆಸರುಗಳು ಸಿಗಬಹುದು. ದೇವಸ್ಥಾನದ ಗಂಟೆ, ದೀಪಸ್ತಂಭ, ಬಾಗಿಲ ಚೌಕಟ್ಟುಗಳ ಮೇಲೆ ಕೆತ್ತಿದ ದಾನಿಗಳ ಹೆಸರುಗಳನ್ನೂ ನೋಡಬೇಕು.

ದಾಖಲೆಗಳಲ್ಲಿ ಬರುವ ಪದಗಳು

ನಿಜಾಮರ ಕಾಲದ ಕಾಗದಗಳನ್ನು ಓದಿಸುವಾಗ ಕೆಳಗಿನ ಪದಗಳು ಪದೇ ಪದೇ ಬರುತ್ತವೆ.

• ವಲದ್: ಮಗ. ಇಂಥವನ ಮಗ ಎಂಬರ್ಥದಲ್ಲಿ ಎರಡು ಹೆಸರುಗಳ ನಡುವೆ ಬರುತ್ತದೆ. ಹಳೆಯ ಮೈಸೂರಿನ ಕಾಗದಗಳಲ್ಲಿ ಇದಕ್ಕೆ ಬಿನ್ ಎಂದಿರುತ್ತದೆ.
• ಜೌಜೆ: ಹೆಂಡತಿ. ಹಳೆಯ ಮೈಸೂರಿನಲ್ಲಿ ಕೋಂ.
• ಬೇವಾ: ವಿಧವೆ.
• ಮೌಜೆ: ಗ್ರಾಮ.
• ಸಾಕಿನ್: ವಾಸಿಸುವವನು.
• ಕೌಮ್: ಜಾತಿ ಅಥವಾ ಸಮುದಾಯ.
• ಪೇಶಾ: ವೃತ್ತಿ.
• ಫೌತ್: ಮರಣ. ಪೌತಿ ಖಾತೆ ಎಂಬ ಕನ್ನಡ ಬಳಕೆ ಇದರಿಂದ ಬಂದದ್ದು.

ಉರ್ದು ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕನ್ನಡದ ಣಕಾರ, ಳಕಾರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಆದ್ದರಿಂದ ಕಾಳಪ್ಪ ಎಂಬುದು ಕಾಲಪ್ಪ ಎಂದಾಗಬಹುದು. ಉರ್ದು ಬಲ್ಲವರು ಓದಿದ ಹೆಸರನ್ನು ಊರಿನ ಹೆಸರುಗಳು ಗೊತ್ತಿರುವವರೊಡನೆ ಕೂತು ತಾಳೆ ನೋಡುವುದು ಅವಶ್ಯ.

ಶೋಧನೆಯ ಕ್ರಮ

1. ಬದುಕಿರುವ ಹಿರಿಯರಿಂದ ಹೆಸರು, ಊರು, ಘಟನೆಗಳನ್ನು ಕೇಳಿ ಬರೆದುಕೊಳ್ಳುವುದು. ಯಾರು, ಯಾವಾಗ ಹೇಳಿದರು ಎಂಬುದನ್ನೂ ಬರೆಯುವುದು.
2. ಮನೆಯ ಪೆಟ್ಟಿಗೆಯಲ್ಲಿರುವ ಸಾಲಪತ್ರ, ಖರೀದಿ ಪತ್ರ, ಕಂದಾಯದ ರಸೀದಿ, ಜಾತಕಗಳ ಛಾಯಾಚಿತ್ರ ತೆಗೆಯುವುದು.
3. ಪಹಣಿಯಿಂದ ಖಾಸ್ರಾ ಪಹಣಿಗೆ, ಅಲ್ಲಿಂದ ಸೇತ್ವಾರ್‌ಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗುವುದು.
4. ಒಂದು ತಲೆಮಾರಿಗೆ ಸುಮಾರು 25 ವರ್ಷವೆಂದು ಎಣಿಸಿ ಕಾಲ ಹೊಂದುವುದೇ ಎಂದು ಪರೀಕ್ಷಿಸುವುದು. ತಂದೆಗೂ ಮಗನಿಗೂ ಅರವತ್ತು ವರ್ಷ ಅಂತರ ಬಂದರೆ ನಡುವೆ ಒಬ್ಬನು ಬಿಟ್ಟುಹೋಗಿರುವ ಸಂಭವವಿದೆ.
5. ಮನೆತನದ ಹೆಳವರು ಯಾರೆಂದು ವಿಚಾರಿಸಿ ಅವರ ಹೇಳಿಕೆಯನ್ನು ಧ್ವನಿಮುದ್ರಿಸುವುದು. ಮೊದಲೇ ತಮಗೆ ತಿಳಿದ ಹೆಸರುಗಳನ್ನು ಅವರಿಗೆ ಹೇಳದಿರುವುದು ಒಳ್ಳೆಯದು. ಹೇಳಿದರೆ ಎರಡು ಸ್ವತಂತ್ರ ಸಾಕ್ಷ್ಯಗಳು ಒಂದಾಗಿಬಿಡುತ್ತವೆ.
6. ಪ್ರತಿ ಸಂಬಂಧದ ಮುಂದೆ ಅದರ ಆಧಾರವನ್ನು ಬರೆಯುವುದು. ದಾಖಲೆ ಇರುವುದು, ಬಾಯಿಮಾತಿನದು, ಊಹೆಯದು ಎಂದು ಮೂರು ಗುರುತುಗಳನ್ನು ಬಳಸಿದರೆ ಮುಂದೆ ಬರುವವರಿಗೆ ಗೊಂದಲವಾಗುವುದಿಲ್ಲ.

ವಂಶವೃಕ್ಷದಿಂದ ಬಿಟ್ಟುಹೋಗುವವರು

ಹೆಳವರ ಹೇಳಿಕೆ, ಇನಾಮಿನ ಕಡತ, ಹೊಲದ ದಾಖಲೆ ಇವೆಲ್ಲವೂ ಬಹುಮಟ್ಟಿಗೆ ಗಂಡುಸಂತಾನದ ಸಾಲನ್ನು ಅನುಸರಿಸುತ್ತವೆ. ಹೆಣ್ಣುಮಕ್ಕಳು ಮದುವೆಯಾಗಿ ಹೋದೊಡನೆ ತವರಿನ ಪಟ್ಟಿಯಿಂದ ಮರೆಯಾಗುತ್ತಾರೆ. ಗಂಡನ ಮನೆಯಲ್ಲಿ ಹೆಸರು ಬದಲಾಗುವುದರಿಂದ ಅಲ್ಲಿಯೂ ಗುರುತು ಕಷ್ಟ. ವಿಧವೆಯಾಗಿ ಹೊಲದ ಒಡತಿಯಾದಾಗ ಮಾತ್ರ ಅವರ ಹೆಸರು ಕಾಗದದಲ್ಲಿ ಕಾಣುತ್ತದೆ. ಆದರೆ ಈ ಸೀಮೆಯಲ್ಲಿ ಸೋದರಮಾವನಿಗೆ ಅಥವಾ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವುದರಿಂದ, ಹೆಂಡತಿಯರ ತವರನ್ನು ತಿಳಿಯದೆ ಮನೆತನಗಳ ಸಂಬಂಧವನ್ನು ಅರಿಯುವುದು ಸಾಧ್ಯವಿಲ್ಲ. ಸೀರೆ ಉಡಿಸುವ, ಉಡಿ ತುಂಬುವ ಸಂದರ್ಭಗಳಲ್ಲಿ ಯಾವ ಮನೆಯವರಿಗೆ ಯಾವ ಹಕ್ಕು ಇದೆ ಎಂಬುದನ್ನು ಮನೆಯ ಹಿರಿಯ ಹೆಂಗಸರು ಚೆನ್ನಾಗಿ ಬಲ್ಲರು. ಈ ತಿಳಿವಳಿಕೆ ಯಾವ ಕಚೇರಿಯಲ್ಲಿಯೂ ದೊರೆಯುವುದಿಲ್ಲ. ಬಸವಿ ಬಿಡುವ ಪದ್ಧತಿ ಇದ್ದ ಮನೆಗಳಲ್ಲಿ ಮಗಳು ತವರಿನಲ್ಲಿಯೇ ಉಳಿದು ಅವಳ ಮಕ್ಕಳು ತಾಯಿಯ ಮನೆತನಕ್ಕೆ ಸೇರುತ್ತಿದ್ದರು. ಅಲ್ಲಿ ತಂದೆಯ ಹೆಸರನ್ನೇ ಹುಡುಕುತ್ತ ಹೋದರೆ ದಾರಿ ತಪ್ಪುತ್ತದೆ.

ಭೂಮಿ ಇಲ್ಲದವರ ಸ್ಥಿತಿ ಇನ್ನೂ ಕಠಿಣ. ಜೀತಕ್ಕಿದ್ದವರು, ಕೂಲಿಕಾರರು, ಅಸ್ಪೃಶ್ಯತೆಗೆ ಗುರಿಯಾದ ಸಮುದಾಯಗಳ ಬಹುಪಾಲು ಜನ ಕಂದಾಯದ ಪುಸ್ತಕದಲ್ಲಿ ಇರಲೇ ಇಲ್ಲ. ಊರ ಚಾಕರಿಯ ಇನಾಮು, ಸಾಹುಕಾರರ ಸಾಲದ ಪುಸ್ತಕ, ಚರ್ಚಿನ ದಾಖಲೆ ಮತ್ತು ಬಾಯಿಮಾತು ಇವಷ್ಟೇ ಅವರ ಆಧಾರಗಳು. ದಾಖಲೆ ಇಲ್ಲದಿರುವುದು ಮನೆತನದ ಹಳಮೆಯ ಕೊರತೆಯಲ್ಲ. ದಾಖಲೆ ಬರೆದವರು ಯಾರನ್ನು ಎಣಿಸಿದರು, ಯಾರನ್ನು ಎಣಿಸಲಿಲ್ಲ ಎಂಬುದರ ಫಲ.

ಮಾನ್ವಿ, ಸಿಂಧನೂರು ತಾಲೂಕುಗಳಲ್ಲಿ ಕ್ಯಾಂಪುಗಳೆಂದು ಕರೆಯುವ ಅನೇಕ ಊರುಗಳಿವೆ. 1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಇಲ್ಲಿ ನೆಲೆಸಿದರು. ಅವರ 19ನೆಯ ಶತಮಾನದ ಪೂರ್ವಿಕರನ್ನು ಗೋದಾವರಿ, ಕೃಷ್ಣಾ, ಗುಂಟೂರು ಮೊದಲಾದ ಜಿಲ್ಲೆಗಳ ತೆಲುಗು ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ.

ಕಾನೂನಿನಲ್ಲಿ ಮಹತ್ವ

ವಂಶೇತಿಹಾಸ ಕೇವಲ ಕುತೂಹಲದ ವಿಷಯವಲ್ಲ. ಪೌತಿ ಖಾತೆ, ಆಸ್ತಿಯ ಪಾಲು, ವಾರಸಾ ಹಕ್ಕು ಮೊದಲಾದವುಗಳಿಗೆ ವಂಶವೃಕ್ಷದ ದೃಢೀಕರಣ ಬೇಕಾಗುತ್ತದೆ. ಇದಕ್ಕಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸುತ್ತಾರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಜನ್ಮಸಿದ್ಧ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ನೀಡಿತು. ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆದ ವಂಶವೃಕ್ಷ ಈಗ ಅಪೂರ್ಣವಷ್ಟೇ ಅಲ್ಲ, ವ್ಯಾಜ್ಯಕ್ಕೂ ಕಾರಣ.

ನ್ಯಾಯಾಲಯಗಳಲ್ಲಿ ಬಾಯಿಮಾತಿನ ವಂಶಾವಳಿಗೆ ಸ್ಥಾನವೇ ಇಲ್ಲವೆಂಬ ಭಾವನೆ ಸರಿಯಲ್ಲ. 1872ರ ಭಾರತೀಯ ಸಾಕ್ಷ್ಯ ಕಾಯಿದೆಯ 32 ಮತ್ತು 50ನೆಯ ಕಲಮುಗಳು, ಸಂಬಂಧವನ್ನು ತಿಳಿಯುವ ವಿಶೇಷ ಅವಕಾಶವಿದ್ದು ಈಗ ಮೃತರಾದವರು ವ್ಯಾಜ್ಯ ಹುಟ್ಟುವ ಮೊದಲು ನೀಡಿದ ಹೇಳಿಕೆಯನ್ನೂ, ಅಂಥ ಅರಿವುಳ್ಳವರ ನಡವಳಿಕೆಯಿಂದ ವ್ಯಕ್ತವಾಗುವ ಅಭಿಪ್ರಾಯವನ್ನೂ ಪರಿಗಣಿಸಲು ಅವಕಾಶ ಕೊಟ್ಟಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವ ಮುಂದುವರಿದಿದೆ.

ನಿಜಾಮರ ಕಾಲದ ಕಾಗದಗಳ ಸಾಮಾಜಿಕ ಬೆಲೆ ನೆರೆಯ ಮರಾಠವಾಡದಲ್ಲಿ ಇತ್ತೀಚೆಗೆ ಸ್ಪಷ್ಟವಾಯಿತು. ಮರಾಠಾ ಕುಟುಂಬಗಳಿಗೆ ಕುಣಬಿ ಜಾತಿ ಪ್ರಮಾಣಪತ್ರ ನೀಡುವ ಪ್ರಶ್ನೆ ಬಂದಾಗ, ಪೂರ್ವಿಕರ ದಾಖಲೆಗಳನ್ನು ಹುಡುಕಲು ಮಹಾರಾಷ್ಟ್ರ ಸರಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಅವರ ಸಮಿತಿಯನ್ನು ನೇಮಿಸಿತು. ಉರ್ದು ಮತ್ತು ಮೋಡಿ ಲಿಪಿಯ ಹಳೆಯ ಪುಸ್ತಕಗಳನ್ನು ಓದಬಲ್ಲವರ ಅಗತ್ಯ ಆಗ ಎಲ್ಲರ ಗಮನಕ್ಕೆ ಬಂದಿತು.

ಇಂದಿನ ಸ್ಥಿತಿ

ಹೆಳವರ ಮಕ್ಕಳು ಶಿಕ್ಷಣ ಪಡೆದು ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ಇದು ಅವರ ಏಳಿಗೆಯ ದೃಷ್ಟಿಯಿಂದ ಸ್ವಾಭಾವಿಕ. ಆದರೆ ಪುಸ್ತಕ ಉಳಿದರೂ ಅದರಲ್ಲಿನ ಸಂಕ್ಷಿಪ್ತ ಬರಹವನ್ನು ಬಿಡಿಸಿ ಹೇಳುವವರು ಇಲ್ಲವಾದರೆ ಅದರಿಂದ ದೊರೆಯುವ ಪ್ರಯೋಜನ ಕಡಿಮೆ. ಗ್ರಾಮಗಳಲ್ಲಿ ಹಳೆಯ ಉರ್ದು ಕಡತಗಳನ್ನು ಓದುತ್ತಿದ್ದ, ನಿಜಾಮರ ಕಾಲದ ಉರ್ದು ಶಾಲೆಗಳಲ್ಲಿ ಕಲಿತ ತಲೆಮಾರು ಬಹುತೇಕ ಮುಗಿದಿದೆ. ಗೆದ್ದಲು, ತೇವ ಮತ್ತು ಮನೆ ಬದಲಾವಣೆಗಳಿಂದ ಖಾಸಗಿ ಕಾಗದಗಳು ನಾಶವಾಗುತ್ತಿವೆ.

ಕಚೇರಿಯ ದಾಖಲೆ ಇನ್ನೂ ಕೆಲವು ವರ್ಷ ಕಾಯಬಹುದು. ಹಿರಿಯರ ನೆನಪು ಕಾಯುವುದಿಲ್ಲ. ಆದ್ದರಿಂದ ಮನೆಯ ಹಿರಿಯರ, ಅದರಲ್ಲೂ ಹಿರಿಯ ಹೆಂಗಸರ ಮಾತುಗಳನ್ನು ಮೊದಲು ದಾಖಲಿಸಿಕೊಂಡು, ನಂತರ ಪಹಣಿ ಮತ್ತು ಪತ್ರಾಗಾರಗಳ ಕಡೆಗೆ ಹೋಗುವುದು ಉಚಿತವಾದ ಕ್ರಮ. ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಅಜ್ಜ ಅಜ್ಜಿಯರಿಂದ ನಾಲ್ಕು ತಲೆಮಾರಿನ ಹೆಸರುಗಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ, ಕೇಳಿ ಬರೆದರೆ ಅದು ಮುಂದಿನ ಎಲ್ಲ ಶೋಧನೆಗೂ ತಳಹದಿಯಾಗುತ್ತದೆ.